ಬಿಸಿ ಕದ್ದವರು

"ಬನ್ನು ಕದ್ದಿದ್ರೆ ಹಾಳಾಗ್ ಹೋಗ್ಲಿ ಅಂತಿದ್ದೆ. ಹೊಟ್ಟೆಗಿಲ್ದೋನು ತಿಂದ ಅಂತ ಬಿಟ್ಬಿಡ್ತಿದ್ದೆ. ನೀನು ಕದ್ದಿರೋದು ಬಿಸಿ ಕಣೋ ಬೇವರ್ಸಿ! ನನ್ನ ಒಲೆ ಬಿಸಿ!"

ಬೇಕರಿಯ ಹಿಂದಿನ ಅಂಗಳದಲ್ಲಿ, ಮೋಟಾರ್ ಸೈಕಲ್‌ಗಳ ಸಾಲಿನ ಮುಂದೆ ನಿಂತು ಸಾಹುಕಾರ ಕಿರುಚುತ್ತಿದ್ದ. ಅವನ ಎದುರು ನನ್ನ ಚಿಕ್ಕಪ್ಪ ಎರಡೂ ಕೈ ಮುಂದಕ್ಕೆ ಚಾಚಿ ನಿಂತಿದ್ದ. ಒಂದೊಂದು ಅಂಗೈ ಮೇಲೆ ಒಂದೊಂದು ಬನ್ನು. ತಾನು ಹೇಳುವವರೆಗೂ ಕೈ ಇಳಿಸಬಾರದೆಂದು ಸಾಹುಕಾರನ ಅಪ್ಪಣೆಯಾಗಿತ್ತು. ಬೆಳಗಿನ ಮಂಜು ಇನ್ನೂ ಗಾಡಿಗಳ ಸೀಟಿನ ಮೇಲೆಯೇ ಕೂತಿತ್ತು. ಬನ್ನು ಸಾಗಿಸುವ ನಾವೆಲ್ಲ ಮೊದಲ ಸುತ್ತು ಮುಗಿಸಿ ಬಂದು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಸುಮ್ಮನೆ ನಿಂತಿದ್ದೆವು. ಸುಮ್ಮನೆ ನಿಲ್ಲುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

"ಎಲ್ರೂ ನೋಡ್ಕೊಳ್ರೋ, ಕಳ್ಳ ಹೆಂಗಿರ್ತಾನೆ ಅಂತ. ಏಯ್ ಗಂಡುಬೀರಿ, ನೀನೂ ನೋಡು. ನಿನ್ನ ಚಿಕ್ಕಪ್ಪನೇ ತಾನೆ?"

ಗಂಡುಬೀರಿ ಎಂದರೆ ನಾನು. ಆ ಸಾಲಿನಲ್ಲಿ ಗಾಡಿ ಓಡಿಸುವ ಹೆಂಗಸು ನಾನೊಬ್ಬಳೇ. ಅಂಗಳದಲ್ಲಿ ನನಗೆ ಬೇರೆ ಹೆಸರಿಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಕ್ಲಚ್ ಹಿಡಿಯುವುದು ಕಲಿಸಿದವನು, ಈ ಕೆಲಸಕ್ಕೆ ಸೇರಿಸಿದವನು ಈ ಚಿಕ್ಕಪ್ಪನೇ.

ಬಿಸಿ ಕದಿಯುವುದು ಹೇಗೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಬೆಳಗ್ಗೆ ಬನ್ನು ಮುರಿದಾಗ ಒಳಗಿನಿಂದ ಹಬೆ ಬರುತ್ತದಲ್ಲ, ಅದೇ ನಮ್ಮ ಬೇಕರಿಯ ಹೆಗ್ಗಳಿಕೆ. ಗಾಡಿಯ ಹಿಂದೆ ದಪ್ಪ ಗೋಡೆಯ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ 'ಒಲೆಯಿಂದ ನೇರ ನಿಮ್ಮ ಬಾಯಿಗೆ'. ಅದೇ ಅಕ್ಷರ ನಮ್ಮ ಜಾಕೆಟ್ಟಿನ ಬೆನ್ನಿನ ಮೇಲೂ. ಬೆನ್ನ ಹಿಂದೆ ಬೇಸಿಗೆ, ಮುಂದೆ ಚಳಿಗಾಲ. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ. ಆಮೇಲೆ ಉರಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಬಂತೋ, ಕೆಟ್ಟೆವು. ಬ್ರೇಕಿನ ಮೇಲೆ ಬೆರಳಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ ತಿಳಿದುಕೊಳ್ಳಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದೇವೆ, ನಮ್ಮ ಕಾಲುಚೀಲ, ಮನೆಯವರ ಕಾಲುಚೀಲ ಎಲ್ಲ ಹಾಕಿಕೊಂಡಿದ್ದೇವೆ, ಒಂದು ಕೈಯಲ್ಲಿ ಓಡಿಸಿ ಇನ್ನೊಂದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೇವೆ. ದಪ್ಪ ಕೈಗವುಸು ಹಾಕಿದರೆ ಕ್ಲಚ್ ಸಿಗುವುದಿಲ್ಲ, ತೆಳುವಾದದ್ದಕ್ಕೆ ಗಾಳಿ ಕ್ಯಾರೇ ಎನ್ನುವುದಿಲ್ಲ.

ಕೊನೆಗೆ ಉಳಿದದ್ದು ಅಮ್ಮ ಹೊಲಿದುಕೊಡುವ ಕೊಪ್ಪೆ. ಒಳಗೆ ಹಳೇ ಕಂಬಳಿ, ಹೊರಗೆ ಟಾರ್ಪಾಲಿನ ತುಂಡು. ಹ್ಯಾಂಡಲ್ಲಿನ ಎರಡು ತುದಿಗೂ ಕಟ್ಟಿ ಅದರೊಳಗೆ ಕೈ ತೂರಿಸಿಕೊಂಡರೆ ಅರ್ಧ ಚಳಿಗಾಲ ದಾಟಬಹುದು. ಉಳಿದರ್ಧಕ್ಕೆ ಎರಡು ಬನ್ನು. ಪೆಟ್ಟಿಗೆಯಿಂದ ಕಾಗದದ ಸಮೇತ ತೆಗೆದು ಎರಡೂ ಕೊಪ್ಪೆಯಲ್ಲಿ ಒಂದೊಂದು ಇಟ್ಟುಕೊಳ್ಳುವುದು, ಬೆರಳ ಗಿಣ್ಣು ಅದಕ್ಕೆ ತಾಗುತ್ತಿರಬೇಕು. ಕೊನೆಯ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಪೆಟ್ಟಿಗೆಯ ಅಡಿಗೆ ಸೇರಿಸಿಬಿಡುವುದು. ಕಚ್ಚುವುದಿಲ್ಲ, ಹಿಚುಕುವುದಿಲ್ಲ. ನಾವೆಲ್ಲರೂ ಮಾಡುತ್ತಿದ್ದೆವು. ಸಿಕ್ಕಿಬಿದ್ದವನು ಚಿಕ್ಕಪ್ಪ. ಯಾವುದೋ ದೊಡ್ಡ ಹೋಟೆಲಿನ ಅಡುಗೆಯವನು ಎರಡು ಬನ್ನು ತಣ್ಣಗಿದ್ದವೆಂದು ಫೋನು ಮಾಡಿದ್ದನಂತೆ. ಅವತ್ತು ಸಾಹುಕಾರ ಕಾರಿನಲ್ಲಿ ಹಿಂದೆ ಬಿದ್ದು, ಸಿಗ್ನಲ್ಲಿನಲ್ಲಿ ಇಳಿದು, ಚಿಕ್ಕಪ್ಪನ ಕೊಪ್ಪೆಯೊಳಗೆ ಕೈ ಹಾಕಿ ಬನ್ನು ಎಳೆದಿದ್ದ.

"ಗಿರಾಕಿ ದುಡ್ಡು ಕೊಡೋದು ಯಾತಕ್ಕೋ? ಹಿಟ್ಟಿಗಾ? ಹಿಟ್ಟು ಎಲ್ ಬೇಕಾದ್ರೂ ಸಿಗತ್ತೆ. ಬಿಸಿಗೆ ಕಣೋ ಕೊಡೋದು!"

"ಬೆರಳು ಸತ್ತೋಗಿತ್ತು," ಎಂದ ಚಿಕ್ಕಪ್ಪ. "ಬ್ರೇಕ್ ಸಿಗ್ತಿರ್ಲಿಲ್ಲ. ಅದಕ್ಕೆ..."

"ಅದಕ್ಕೆ?"

"ಮುಂಚಿಂದ್ಲೂ ಹಂಗೇ ಅಲ್ವಾ ಮಾಡ್ಕೊಂಡ್ ಬಂದಿರೋದು. ನೀನೇ ಅಲ್ವೇನೋ ಮೊಂಡ ನಂಗೆ ಹೇಳ್ಕೊಟ್ಟಿದ್ದು?"



ಮೊಂಡ ಎಂಬುದು ಸಾಹುಕಾರನ ಹಳೇ ಹೆಸರು. ಬೇಕರಿ ಎಂದರೆ ಒಂದು ಒಲೆ, ಒಂದು ಮೋಟಾರ್ ಸೈಕಲ್ ಇದ್ದ ಕಾಲದ್ದು. ಆಗ ಹೋಗುವಾಗ ಅವನು ಓಡಿಸುತ್ತಿದ್ದನಂತೆ, ಬರುವಾಗ ಚಿಕ್ಕಪ್ಪ. ಇಬ್ಬರಿಗೂ ಸೇರಿ ಒಂದೇ ಜೊತೆ ಕೊಪ್ಪೆ, ಮದುವೆಯಾಗಿ ಹೊಸದಾಗಿ ಬಂದಿದ್ದ ನಮ್ಮಮ್ಮ ಹೊಲಿದದ್ದು. ಕೊಪ್ಪೆಯೊಳಗೆ ಬನ್ನು ಇಡುವ ಉಪಾಯ ಹೊಳೆದದ್ದು ಈ ಮೊಂಡನಿಗೆ. 'ನೋಡೋ, ದೇವರು ಬನ್ನಿಗೆ ಎರಡು ಕೆಲಸ ಕೊಟ್ಟಿದಾನೆ' ಎಂದು ನಗುತ್ತಿದ್ದನೆಂದು ಚಿಕ್ಕಪ್ಪ ನನಗೆ ಎಷ್ಟು ಸಲ ಹೇಳಿಲ್ಲ! ಆ ಕಥೆ ಹೇಳುವಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಸಾಹುಕಾರ ಹತ್ತಿರ ಬಂದ. ದನಿ ಸಣ್ಣದಾಯಿತು. "ಯಾರೋ ಮೊಂಡ?"

"ಇಲ್ಲ... ಬಾಯ್ತಪ್ಪಿ ಬಂತು."

"ಯಾರೋ ಮೊಂಡ ಅಂದೆ."

"ಯಾರೂ ಇಲ್ಲ ಸಾವ್ಕಾರ್ರೆ."

"ತಿನ್ನು. ಎರಡೂ ತಿನ್ನು. ಬಾಯಿ ತುಂಬಿದ್ರೆ ನಾಲಿಗೆ ಹೊರಳಲ್ಲ."

ಚಿಕ್ಕಪ್ಪ ತಿಂದ. ತಣ್ಣಗಾದ ಬನ್ನು ನೀರಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ. ಕಣ್ಣಲ್ಲಿ ನೀರು ಬಂತು, ಕೆಮ್ಮಿದ. ನೆಲಕ್ಕೆ ಬಿದ್ದ ಚೂರನ್ನು ಬೂಟಿನಿಂದ ತೋರಿಸಿ "ಅದೂ" ಎಂದ ಸಾಹುಕಾರ. ಚಿಕ್ಕಪ್ಪ ಅದನ್ನೂ ಎತ್ತಿ ಬಾಯಿಗೆ ಹಾಕಿಕೊಂಡ. ಸಾಹುಕಾರನ ಬಾಮೈದ ಬಾಗಿಲ ಬಳಿ ನಿಂತು ಹಲ್ಲು ಕಿರಿಯುತ್ತಿದ್ದ. ಆ ಹಲ್ಲು ಉದುರಿಸಬೇಕೆಂದು ನನ್ನ ಕೈ ತುರಿಸಿತು. ಆದರೆ ನನ್ನ ಕೈಯೂ ಆಗ ಹೆಲ್ಮೆಟ್ಟಿನ ಪಟ್ಟಿಯನ್ನೇ ಹಿಡಿದುಕೊಂಡಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಬ್ರೆಡ್ಡು ಕೊಯ್ಯುವ ಉದ್ದನೆಯ ಚಾಕು ತರಿಸಿದ. ಬಾಮೈದ ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಹೋಗುತ್ತ ಕೊಪ್ಪೆಗಳನ್ನೆಲ್ಲ ಕರಕರ ಕೊಯ್ದು ಹಾಕಿದ. "ದರಿದ್ರ ಗೋಣಿಚೀಲ ಕಟ್ಕೊಂಡು ನನ್ನ ಹೆಸರು ಹೊತ್ಕೊಂಡ್ ತಿರುಗ್ತಾವೆ," ಎಂದು ಸಾಹುಕಾರ ಉಗಿದು ಒಳಗೆ ಹೋದ.

ಅವನ ಬೆನ್ನು ಮರೆಯಾದ ಮೇಲೆ ನಮಗೆ ಬಾಯಿ ಬಂತು. ಮೊದಲು ಗೊಣಗನಿಗೆ. ಅವನು ದಿನವೂ ಎಲ್ಲದಕ್ಕೂ ಗೊಣಗುವವನಾದ್ದರಿಂದ ಅವನ ಮಾತು ಯಾರೂ ಕೇಳುತ್ತಿರಲಿಲ್ಲ. ಅವತ್ತು ಕೇಳಿದೆವು.

"ಕೊಪ್ಪೆ ಇಲ್ದೆ ನಾನು ಗಾಡಿ ಹತ್ತಲ್ಲ. ಆ ಬೋಳಿಮಗನೇ ಹತ್ಲಿ. ನಾಳೆ ಬೆಳಗ್ಗೆ ಗೇಟಲ್ಲೇ ಕೂತ್ಬಿಡೋಣ. ಏನಂತೀರ?"

"ಕೂರೋಣ," ಎಂದೆ ನಾನು. ಎಲ್ಲರೂ ತಲೆಯಾಡಿಸಿದರು. ಒಬ್ಬಿಬ್ಬರು ಆಗಲೇ ಗಾಡಿಯ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. ಕೊಯ್ದು ಬಿದ್ದಿದ್ದ ಕೊಪ್ಪೆಯ ತುಂಡುಗಳನ್ನು ನಾನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಚಿಕ್ಕಪ್ಪನಿಗೆ ಮಾತ್ರ.

ಒಲೆಯ ಕೋಣೆಗೆ ಒಂದು ಸಣ್ಣ ಕಿಟಕಿಯಿದೆ. ಅದರಲ್ಲಿ ನೋಡಿದೆ. ಸಾಹುಕಾರ ಚಿಕ್ಕಪ್ಪನನ್ನು ಒಲೆಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ತನ್ನ ಕೈಯಾರೆ ಚಹಾದ ಲೋಟ ಕೊಟ್ಟು, ಹೆಗಲ ಮೇಲೆ ಕೈ ಹಾಕಿಕೊಂಡಿದ್ದ. ಆ ಸ್ಟೂಲು ಎಂಥದ್ದೆಂದು ಹೇಳಬೇಕು. ಅಲ್ಲಿ ಕೂತವನ ಕೆಲಸ ತಟ್ಟೆ ತಿರುಗಿಸುವುದು, ಬಣ್ಣ ನೋಡಿ ಹೊರಗೆಳೆಯುವುದು. ಬೆನ್ನಿಗೆ ಚಳಿಯಿಲ್ಲ, ಕೈಗೆ ಗಾಳಿಯಿಲ್ಲ. 'ಈ ಒಂದು ಚಳಿಗಾಲ ಕಳೀಲಿ, ನಿನ್ನ ಒಲೆ ಮುಂದೆ ಕೂರಿಸ್ತೀನಿ' ಎಂದು ಸಾಹುಕಾರ ಎಷ್ಟೋ ಚಳಿಗಾಲಗಳಿಂದ ಚಿಕ್ಕಪ್ಪನ ಮೂಗಿಗೆ ತುಪ್ಪ ಸವರುತ್ತ ಬಂದಿದ್ದ. ಒಲೆಯ ಮುದುಕ ಕೆಲಸ ಬಿಟ್ಟು ಹೋದಾಗಿನಿಂದ ಸ್ಟೂಲು ಖಾಲಿ ಇತ್ತು.

ಹೊರಗೆ ಬಂದಾಗ ಚಿಕ್ಕಪ್ಪನ ಕಿವಿ ಕೆಂಪಗಾಗಿದ್ದವು, ಮುಖದಲ್ಲಿ ಗೆಲುವಿತ್ತು.

"ಲೇ, ಗಲಾಟೆ ಬೇಡ ಕಣ್ರೋ. ಹೋಟೆಲ್ನೋರ್ದು ದೊಡ್ಡ ಆರ್ಡರ್ ಇದೆಯಂತೆ, ವಾರ ಪೂರ್ತಿ. ಇದೊಂದು ವಾರ ತಡ್ಕೊಳ್ಳಿ. ಆಮೇಲೆ ಎಲ್ರಿಗೂ ಒಳ್ಳೇ ಕೊಪ್ಪೆ ಅವ್ನೇ ಹೊಲಿಸ್ಕೊಡ್ತಾನಂತೆ. ಹೆಸರು ಹಾಕ್ಸಿ."

"ನಿಂಗೆ?" ಎಂದ ಗೊಣಗ.

"ನಂಗೆ... ಸೋಮವಾರದಿಂದ ಒಲೆ ಮುಂದೆ ಅಂದ." ನಾಚಿಕೊಂಡವನ ಹಾಗೆ ಹೇಳಿದ. "ನಾನು ನಿಮಗೋಸ್ಕರಾನೂ ಮಾತಾಡಿದೀನಿ ಕಣ್ರೋ. ಒಳಗೊಬ್ಬ ನಮ್ಮೋನಿದ್ರೆ ಒಳ್ಳೇದಲ್ವಾ?"

ಯಾರಾದರೂ ಬೇರೆಯವರು ಹೇಳಿದ್ದರೆ ಉಗಿಯುತ್ತಿದ್ದೆವು. ಚಿಕ್ಕಪ್ಪನ ಮಾತನ್ನು ಮೀರುವವರು ಅಂಗಳದಲ್ಲಿರಲಿಲ್ಲ. ಜೇಬಿಗೆ ಹೋಗಿದ್ದ ಬೀಗದ ಕೈಗಳು ಹೊರಗೆ ಬಂದವು.

ಮನೆಯಲ್ಲಿ ಅಮ್ಮ ಕೊಪ್ಪೆಯ ತುಂಡುಗಳನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ಹೊಲಿಗೆ ಸವರಿ ನೋಡಿದಳು. ಚಿಕ್ಕಪ್ಪ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟು ಕೂತಿದ್ದ. ಅವನ ಬೆರಳುಗಳು ಚಳಿಗೆ ಸುಣ್ಣದಂತೆ ಬೆಳ್ಳಗಾಗಿ, ನೀರಿಗೆ ಇಳಿಸಿದ ಮೇಲೆ ನೀಲಿಯಾಗಿ, ಆಮೇಲೆ ಕೆಂಪಾಗಿ ಉರಿಯುತ್ತವೆ. ಆ ಉರಿ ಬಂದಾಗ ಹಲ್ಲು ಕಚ್ಚಿ ಸುಮ್ಮನಿರುತ್ತಾನೆ.

"ಬನ್ನು ತಿನ್ನಿಸಿದ್ನಂತೆ?" ಎಂದಳು ಅಮ್ಮ.

"ನಾಕ್ ಜನರ ಮುಂದೆ ಅವ್ನಿಗೂ ಬಿಗಿ ಬೇಕಲ್ವಾ ಅತ್ತಿಗೆ. ಹೊರಗೆ ಸಾವ್ಕಾರ. ಒಳಗೆ ಹೋದ್ರೆ ಅದೇ ಮೊಂಡ. ಚಾ ಕೊಟ್ಟ."

"ಕುರಿ ಕಟುಕನ್ನೇ ನಂಬೋದು. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಅಂತಾರಲ್ಲ, ನೀನು ಆ ಅಂಬಿಗ."

"ಸೋಮವಾರ ನೋಡ್ತೀಯಂತೆ ಬಿಡು."

"ಅವ್ನಿಗೂ ಹೊಲಿದುಕೊಟ್ಟಿದ್ದೆ ನಾನು," ಎಂದಳು ಅಮ್ಮ ತುಂಡುಗಳನ್ನು ಮಡಚುತ್ತ. "ತಂಗಿ ತರ ನೋಡ್ಕೋತೀನಿ ಅಂದಿದ್ದ." ಹರಿದ ಬಟ್ಟೆ ಇಡುವ ಡಬ್ಬದಲ್ಲಿ ಅವನ್ನು ಹಾಕಿ ಮುಚ್ಚಿದಳು.

ಶನಿವಾರ ಬೆಳಗ್ಗೆ ಚಳಿ ಹಿಂದೆಂದೂ ಇಲ್ಲದ ಹಾಗೆ ಬಿತ್ತು. ಚಿಕ್ಕಪ್ಪನ ಗಾಡಿ ಮುಂದೆ, ನನ್ನದು ಹಿಂದೆ. ಹೋಟೆಲಿನ ಆರ್ಡರ್ ನಮ್ಮಿಬ್ಬರದೇ. ಕೊಪ್ಪೆಯಿಲ್ಲದ ಹ್ಯಾಂಡಲ್ಲು ನೋಡಿದರೆ ಬೋಳು ತಲೆಯಂತೆ ಕಾಣುತ್ತಿತ್ತು. ನಾನು ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದೆ. ಚಿಕ್ಕಪ್ಪ ಕೈಗೆ ಎಣ್ಣೆ ಬಳಿದು ಮೇಲೆ ಹಳೇ ಪತ್ರಿಕೆ ಕಟ್ಟಿಕೊಂಡಿದ್ದ. ಅರ್ಧ ದಾರಿಯಲ್ಲಿ ಪತ್ರಿಕೆ ಬಿಚ್ಚಿ ಹಾರಿಹೋಯಿತು.

"ಎರಡು ಬನ್ನು ತಗೋ ಚಿಕ್ಕಪ್ಪ, ಯಾವನ್ ನೋಡ್ತಾನೆ?" ಎಂದು ಸಿಗ್ನಲ್ಲಿನಲ್ಲಿ ಕೂಗಿದೆ.

"ಮಾತು ಕೊಟ್ಟಿದೀನಿ ಕಣೇ. ಇನ್ನೆರಡೇ ದಿನ."

ಹೋಟೆಲಿಗೆ ಇಳಿಯುವ ಕಡಿದಾದ ಇಳಿಜಾರಿನ ಮೇಲೆ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿ, ಸ್ಟ್ಯಾಂಡು ಹಾಕಿ, ನಾವು ಬಗ್ಗಿದೆವು. ಗಾಡಿ ನಿಂತಾಗ ಎಂಜಿನ್ನಿಗೆ ಕೈ ಕಾಯಿಸುವುದು ಎಲ್ಲರೂ ಮಾಡುವುದೇ. ಮುಟ್ಟಬಾರದು, ಸ್ವಲ್ಪ ದೂರದಲ್ಲಿ ಹಿಡಿಯಬೇಕು. ನಾನು ಹಿಡಿದೆ. ಬೆರಳಲ್ಲಿ ಸೂಜಿ ಚುಚ್ಚಿತು, ಸಮಾಧಾನವಾಯಿತು. ಆಗ ನನಗೊಂದು ವಾಸನೆ ಬಂತು.

ಚಿಕ್ಕಪ್ಪನಿಗೂ ಬಂತು. ಮೂಗು ಅರಳಿಸಿ ಹಿಂದಕ್ಕೆ ತಿರುಗಿ ತನ್ನ ಪೆಟ್ಟಿಗೆಯ ಕಡೆ ನೋಡಿದ.

"ಲೇ, ಬನ್ನು ಸೀದಿದೆ ಕಣೇ! ಆ ಬಾಮೈದ ನನ್ಮಗ ಸೀದಿರೋ ತಟ್ಟೆ ತುಂಬಿಸಿದಾನೆ. ಹೋಟೆಲ್ನೋನು ಸುಮ್ನಿರ್ತಾನಾ? ತೆಗೆದು ನೋಡೇ ಬೇಗ!"

ನಾನು ಓಡಿ ಹೋಗಿ ಅವನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬನ್ನುಗಳು ಹೊಂಬಣ್ಣಕ್ಕೆ ಮೆತ್ತಗೆ ಹೊಳೆಯುತ್ತ ಸಾಲಾಗಿ ಕೂತಿದ್ದವು. ತಲೆಯೆತ್ತಿ ನೋಡಿದೆ. ಚಿಕ್ಕಪ್ಪ ಪೆಟ್ಟಿಗೆಯ ಕಡೆಗೇ ಕಣ್ಣಿಟ್ಟು ಬಗ್ಗಿಕೊಂಡಿದ್ದ. ಅವನ ಎಡ ಅಂಗೈ ಎಂಜಿನ್ನಿನ ಕಾದ ಲೋಹದ ರೆಕ್ಕೆಗಳಿಗೆ ಒತ್ತಿಕೊಂಡಿತ್ತು. ಅಲ್ಲಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ಕಿರುಚಿಕೊಂಡು ಅವನ ತೋಳು ಹಿಡಿದೆಳೆದೆ. ಅಂಗೈಯ ಚರ್ಮ ಎಂಜಿನ್ನಿನಲ್ಲೇ ಉಳಿಯಿತು. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. "ನಂದಾ?" ಎಂದ. "ಬನ್ನು ಚೆನ್ನಾಗಿದೆ ತಾನೆ?" ಎಂದೂ ಕೇಳಿದ. ಗೇಟು ತೆರೆದು ಹಿಂದಿನ ವಾಹನಗಳೆಲ್ಲ ಹಾರ್ನ್ ಬಾರಿಸತೊಡಗಿದವು.

ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಸಂಜೆ ಇಬ್ಬರೂ ಬೇಕರಿಗೆ ಹೋದೆವು. ಹೋಗುವುದು ಬೇಡವೆಂದರೂ ಚಿಕ್ಕಪ್ಪ ಕೇಳಲಿಲ್ಲ. "ಒಲೆ ಕೆಲ್ಸಕ್ಕೆ ಬಲಗೈ ಸಾಕು ಕಣೇ," ಎನ್ನುತ್ತಿದ್ದ. "ಸೋಮವಾರದ ಬದ್ಲು ನಾಳೇನೇ ಕೂತ್ಕೋ ಅಂದ್ರೂ ಅಂದ, ಇದನ್ನ ನೋಡಿ." ಅಷ್ಟು ನಂಬಿಕೆ ನನ್ನ ಹೆತ್ತ ತಾಯಿಯ ಮೇಲೂ ನನಗಿಲ್ಲ.

ಒಲೆಯ ಮುಂದಿನ ಸ್ಟೂಲಿನ ಮೇಲೆ ಬಾಮೈದ ಕೂತಿದ್ದ. ಕಾಲ ಮೇಲೆ ಕಾಲು, ಕೈಯಲ್ಲಿ ಫೋನು. ಸ್ಟೂಲಿಗೆ ಹೊಸ ದಿಂಬು ಬೇರೆ ಬಂದಿತ್ತು.

ಚಿಕ್ಕಪ್ಪ ಸ್ಟೂಲನ್ನು ನೋಡಿದ, ಸಾಹುಕಾರನನ್ನು ನೋಡಿದ. "ಸೋಮವಾರ ಅಂತ ಹೇಳಿದ್ರಿ..."

"ಹೇಳಿದ್ದೆ. ನೆಟ್ಟಗಿರೋ ಕೈಗೆ ಹೇಳಿದ್ದೆ." ಸಾಹುಕಾರ ತಲೆಯೆತ್ತಲೂ ಇಲ್ಲ. "ಒಂದೇ ಕೈಯಲ್ಲಿ ತಟ್ಟೆ ಎಳೀತೀಯಾ? ನಾಳೆ ಒಲೆಗೆ ಬಿದ್ದು ಸತ್ರೆ ನನ್ನ ತಲೆಗೆ ಬರತ್ತೆ. ಗಾಡಿ ಓಡಿಸೋಕೂ ಆಗಲ್ಲ, ಒಲೆಗೂ ಆಗಲ್ಲ. ಇನ್ನೇನ್ ಮಾಡ್ಲಿ ನಿನ್ನಿಟ್ಕೊಂಡು? ಪೂಜೆ ಮಾಡ್ಲಾ?"

"ಭಾವ," ಎಂದ ಬಾಮೈದ ನಗುತ್ತ, "ಇವ್ರನ್ನ ನಾನು ಬುಧವಾರಾನೇ ಕೇಳಿದ್ನಲ್ಲ, ಸ್ಟೂಲಿಗೆ ದಿಂಬು ಯಾವ ಬಣ್ಣ ಚೆನ್ನಾಗಿರತ್ತೆ ಅಂತ. ಪಾಪ, ನೀಲಿ ಅಂದ್ರು."

ದಿಂಬು ನೀಲಿಯದೇ ಆಗಿತ್ತು. ಕೊಪ್ಪೆ ಕೊಯ್ದು, ಬನ್ನು ತಿನ್ನಿಸಿ, ಹೆಗಲ ಮೇಲೆ ಕೈ ಹಾಕಿ ಚಹಾ ಕೊಟ್ಟದ್ದು ಆ ಬುಧವಾರವೇ. ಸ್ಟೂಲು ಬಾಮೈದನಿಗೆಂದು ಅವತ್ತೇ ನಿಶ್ಚಯವಾಗಿತ್ತು. ನಾವು ಗೇಟಿನಲ್ಲಿ ಕೂರುತ್ತೇವೆಂದು ಹೆದರಿ ಸಾಹುಕಾರ, ನಮ್ಮ ಬಾಯಿ ಮುಚ್ಚಿಸಲು ನಮ್ಮವನನ್ನೇ ಕಳಿಸಿದ್ದ. ಅದು ನನಗೆ ಆಗ ಹೊಳೆಯಿತು. ಚಿಕ್ಕಪ್ಪನಿಗೂ ಹೊಳೆಯಿತು. ಅವನ ಮುಖ ನೋಡಲಾರದೆ ನಾನು ನೆಲ ನೋಡಿದೆ.

ಅವನು ಜಗಳ ಮಾಡಲಿಲ್ಲ. "ಸ್ವಲ್ಪ ಹೊತ್ತು ಕೈ ಕಾಯಿಸ್ಕೊಂಡು ಹೋಗ್ತೀನಿ," ಎಂದಷ್ಟೇ ಕೇಳಿದ.

"ಹಿಟ್ಟಿನ ಜಾಗ. ಗಾಯದ ಕೈ ತರಬೇಡ. ಆಚೆ ನಡಿ. ನಾಳೆ ಬೆಳಗ್ಗೆ ಜಾಕೆಟ್ ತಂದು ಒಪ್ಪಿಸ್ಬಿಡು, ಅದು ಬೇಕರೀದು."

ಮರುದಿನ ಬೆಳಗ್ಗೆ ಚಿಕ್ಕಪ್ಪ ನನ್ನ ಗಾಡಿಯ ಪೆಟ್ಟಿಗೆಗೂ ನನಗೂ ಮಧ್ಯೆ ಮುದುಡಿ ಕೂತು ಬಂದ. ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದ, ಅದೂ ಬೇಕರಿಯ ಗೇಟು ಕಾಣುವಾಗ. "ನಾನೇ ನಿಮ್ಮನ್ನ ತಡೆದೆ ಕಣೇ. ಕೂರ್ತೀವಿ ಅಂದೋರ್ನ ಎಬ್ಬಿಸಿದೆ." ನಾನು ಗೇಟಿನ ಕಡೆಗೇ ಗಾಡಿ ಓಡಿಸಿದೆ. ಮಾತಾಡಲು ಹೋದರೆ ಅಳು ಬರುತ್ತಿತ್ತು, ಅತ್ತರೆ ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ಗಾಡಿಗಳು ಪೆಟ್ಟಿಗೆ ತುಂಬಿಸಿಕೊಂಡು ಗೇಟಿನ ಮುಂದೆ ಸಾಲಾಗಿ ನಿಂತವು. ನನ್ನದನ್ನೂ ತುಂಬಿಸಿದರು. ಸಾಹುಕಾರ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದ. ಚಿಕ್ಕಪ್ಪ ಜಾಕೆಟ್ಟು ಬಿಚ್ಚಲು ನೋಡಿದ, ಕಟ್ಟು ಹಾಕಿದ ಕೈ ತೋಳಿನಲ್ಲಿ ಸಿಕ್ಕಿಕೊಂಡಿತು. ಗೊಣಗ ಬಂದು ಎಳೆದು ಬಿಡಿಸಿದ. ಚಿಕ್ಕಪ್ಪ ಅದನ್ನು ಒಂದೇ ಕೈಯಲ್ಲಿ ಆದಷ್ಟು ನೀಟಾಗಿ ಮಡಚಿ ಮೆಟ್ಟಿಲ ಮೇಲಿಟ್ಟ. ತೆಳು ಅಂಗಿಯಲ್ಲಿ ನಿಂತ. ಹಲ್ಲು ಕಟಕಟ ಎನ್ನುವುದು ನಮಗೆಲ್ಲ ಕೇಳುತ್ತಿತ್ತು.

"ಆಯ್ತಲ್ಲ, ನಡಿ. ಏಯ್, ನೀವೇನ್ರೋ ನೋಡ್ತಿದೀರ? ಹೊರಡ್ರೋ, ಬನ್ನು ಆರ್ಹೋಗತ್ತೆ!"

ಆ ಮಾತಿಗೆ ನನ್ನ ತಲೆಯಲ್ಲಿ ಏನೋ ಹರಿಯಿತು. ಗಾಡಿಯಿಂದಿಳಿದೆ. ಪೆಟ್ಟಿಗೆಯ ಕೊಂಡಿ ಬಿಚ್ಚಿ ಮುಚ್ಚಳವನ್ನು ಹಿಂದಕ್ಕೆ ಒಗೆದೆ. ಹಬೆ ಬುಸ್ಸೆಂದು ಎದ್ದಿತು. ಕಾಲುಚೀಲ, ಪ್ಲಾಸ್ಟಿಕ್ಕು ಎಲ್ಲ ಕಿತ್ತುಹಾಕಿ ಎರಡೂ ಕೈಯನ್ನು ಮೊಣಕೈವರೆಗೂ ಬನ್ನುಗಳ ನಡುವೆ ಇಳಿಸಿದೆ.

"ಏಯ್! ಏಯ್ ಗಂಡುಬೀರಿ! ಏನೇ ಅದು?"

"ಬಿಸಿ ಕದೀತಿದೀನಿ," ಎಂದೆ.

ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಗೊಣಗನ ಪೆಟ್ಟಿಗೆ ತೆರೆಯಿತು. ಗೊಣಗ ಅವತ್ತು ಮಾತ್ರ ಒಂದು ಮಾತೂ ಗೊಣಗಲಿಲ್ಲ. ಅವನ ಹಿಂದಿನವನದು, ಅದರ ಹಿಂದಿನವನದು, ಒಂದಾದ ಮೇಲೊಂದು ಮುಚ್ಚಳಗಳು ಸದ್ದು ಮಾಡಿದವು. ಮಂಜಿನ ಅಂಗಳದಲ್ಲಿ ಪ್ರತಿ ಗಾಡಿಯ ಹಿಂದಿನಿಂದಲೂ ಬೆಳ್ಳಗೆ ಹಬೆ ಏಳುತ್ತಿತ್ತು, ಪ್ರತಿ ಪೆಟ್ಟಿಗೆಯೊಳಗೂ ಎರಡು ಕೈ. ಸಾಹುಕಾರ ಒಬ್ಬನ ಕಾಲರ್ ಹಿಡಿದೆಳೆದ, ಅವನು ಅಲುಗಲಿಲ್ಲ. ಇನ್ನೊಬ್ಬನ ಬೆನ್ನಿಗೆ ಗುದ್ದಿದ. "ಪೊಲೀಸ್ ಕರೀತೀನಿ ಕಣ್ರೋ ಕಳ್ ನನ್ಮಕ್ಳಾ! ಅಷ್ಟೂ ಜನಾನೂ ಒಳಗೆ ಹಾಕಿಸ್ತೀನಿ!" ಬಾಮೈದ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. ಅದು ಪೊಲೀಸರಿಗಲ್ಲ, ಬನ್ನು ಇನ್ನೂ ಎಷ್ಟು ಹೊತ್ತು ಎಂದು ಕೇಳಲು ಹೋಟೆಲಿನವನು ಮಾಡಿದ್ದ ಫೋನು ಎಂದು ಆಮೇಲೆ ಗೊತ್ತಾಯಿತು.

ಚಿಕ್ಕಪ್ಪ ಇನ್ನೂ ಮೆಟ್ಟಿಲ ಬಳಿಯೇ ನಿಂತಿದ್ದ. "ಬಾ," ಎಂದೆ. ಬರಲಿಲ್ಲ. ಹೋಗಿ ತೋಳು ಹಿಡಿದು ಕರೆತಂದೆ. ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ಬಲಗೈ ಹಿಡಿದುಕೊಂಡೆ, ಬೆರಳುಗಳು ಬಿಳಿ ಸುಣ್ಣದ ಕಡ್ಡಿಗಳಾಗಿದ್ದವು. ಆ ಕೈಯನ್ನು ನನ್ನ ಕೈಯೊಳಗಿಟ್ಟು ಪೆಟ್ಟಿಗೆಯೊಳಕ್ಕೆ, ಹಬೆ ದಟ್ಟವಾಗಿದ್ದ ತಳದವರೆಗೂ ಇಳಿಸಿದೆ. ಬನ್ನೊಂದು ಹಿಚುಕಿ ಅವನ ಬೆರಳ ಸಂದಿಗಳಲ್ಲೆಲ್ಲ ಹರಡಿತು. ಹಿಂದೆ ಸಾಹುಕಾರ ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ.

ಚಿಕ್ಕಪ್ಪ ತಲೆ ಒಂದು ಕಡೆ ವಾಲಿಸಿ, ದೂರದ ಸದ್ದಿಗೆ ಕಿವಿಗೊಟ್ಟವನ ಹಾಗೆ ಬಹಳ ಹೊತ್ತು ನಿಂತ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ.

"ಬಿಸಿ ಇದ್ಯೇನೇ?"